ಬದನೆ ಹೂವಿನ ಬಣ್ಣದ ನೀರು

ಪಕ್ಕದ ಹೊಲದ ಗೌಡರು ಒಂದು ಮುಂಜಾನೆ ಗೊಬ್ಬರದ ಚೀಲವೊಂದನ್ನು ಹೆಗಲ ಮೇಲೆ ಹೊತ್ತು ತಂದು, ನಮ್ಮ ದೊಡ್ಡ ಡಾಕ್ಟರ ಮೇಜಿನ ಮೇಲೆ ಬೋರಲು ಹಾಕಿದರು. ಚೀಲದಿಂದ ಉದುರಿದ್ದು ಪ್ಲಾಸ್ಟಿಕ್ ಹಾಳೆಗಳು. ನಮ್ಮ ಪ್ರಯೋಗಾಲಯದಲ್ಲಿ ದಿನಾಲೂ ಒಡೆಯುವ ಕೊಳವೆ ಪ್ಯಾಕೆಟ್ಟುಗಳ ಮೇಲಿನ ಹೊದಿಕೆಗಳು ಅವು. ಕೆಲವುಗಳ ಮೇಲೆ ನಾನು ಪೆನ್ನಿನಿಂದ ಬರೆದ ತಾರೀಖು ಇನ್ನೂ ಅಳಿಸಿರಲಿಲ್ಲ.

“ಡಾಕ್ಟರ್ ಸಾಹೇಬ್ರ, ಈ ಸಲ ನನ್ನ ಹೊಲದಾಗ ಉಳ್ಳಾಗಡ್ಡಿಗಿಂತ ಇದರ ಪೀಕ ಚಲೋ ಬಂದೈತ್ರಿ,” ಎಂದರು ಗೌಡರು. “ಬೀಜ ನಿಮ್ಮದು, ಗಾಳಿ ದೇವರದು. ಬೆಳಿ ನೀವ ಇಟ್ಕೋರಿ.”

ಅಷ್ಟು ಹೇಳಿ ಕುರ್ಚಿ ಎಳೆದುಕೊಂಡು ಕೂತರು. ಜಗಳಕ್ಕೆ ಬಂದವರು ಹೀಗೆ ಆರಾಮಾಗಿ ಕೂತುಬಿಟ್ಟರೆ ಚಹಾ ಕೊಡದೆ ವಿಧಿಯಿಲ್ಲ. ಡಾಕ್ಟರು ಚಹಾ ತರಿಸಿದರು. ನಾನು ಬಾಗಿಲ ಹತ್ತಿರ ನಿಂತು, ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದೆ. ಈ ತಾರೀಖು ಯಾರ ಅಕ್ಷರ ಎಂದು ಡಾಕ್ಟರು ಕೇಳಿದ ಮೇಲೆ ನಗು ತಾನಾಗಿಯೇ ನಿಂತಿತು.

ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿ ಪಂಖಗಳನ್ನು ನೋಡಿದವರಿಗೆ ನಮ್ಮೂರ ಗಾಳಿಯ ಬಗ್ಗೆ ಹೇಳಬೇಕಾಗಿಲ್ಲ. ಒಂದು ಹೆರಿಗೆ ದವಾಖಾನೆಯ ಹಿತ್ತಲಲ್ಲಿ ನಾಲ್ಕು ಕೋಣೆಗಳ ಪ್ರಯೋಗಾಲಯ ನಮ್ಮದು. ಲಕ್ಕಲಕಟ್ಟಿ, ಪುರ್ತಗೇರಿಯ ಬಸುರಿಯರು, ಬಾಣಂತಿಯರು, ಅತ್ತ ಚಿಕ್ಕನರಗುಂದದವರು ಕೂಡ, ಇವರೆಲ್ಲರ ರಕ್ತ ಇಲ್ಲಿಗೆ ಬರುತ್ತದೆ. ದವಾಖಾನೆ ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗಿದರೂ ಕೆಲವರ ಮೈಗೆ ಕಬ್ಬಿಣ ಯಾಕೆ ಹತ್ತುವುದಿಲ್ಲ ಎನ್ನುವುದು ನಮ್ಮ ಡಾಕ್ಟರ ಸಂಶೋಧನೆ. ರಕ್ತದ ಮೇಲಿನ ತಿಳಿಯನ್ನು ಬೇರೆ ಮಾಡಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಅದಕ್ಕೊಂದು ದ್ರಾವಣವಿದೆ. ಕಬ್ಬಿಣ ಇದ್ದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕಬ್ಬಿಣ ಹೆಚ್ಚು.

ಈ ಅಳತೆ ಶುರುವಾದಾಗಿನಿಂದ ನಮ್ಮಲ್ಲಿ ಎಲ್ಲವೂ ಪ್ಲಾಸ್ಟಿಕ್ಕು. ಒಂದು ಕೊಳವೆ ಒಂದೇ ಸಲ. ಬಳಸು, ಕೆಂಪು ಚೀಲಕ್ಕೆ ಎಸೆ. ಸಂಜೆ ಹೊತ್ತಿಗೆ ಕೆಂಪು ಚೀಲಗಳು ಬಸುರಿಯರಂತೆಯೇ ಉಬ್ಬಿ ಬಾಗಿಲಲ್ಲಿ ಸಾಲುಗಟ್ಟಿ ಕೂತಿರುತ್ತಿದ್ದವು. ತಾಯಂದಿರ ಆರೋಗ್ಯದ ಹೆಸರಿನಲ್ಲಿ ನಾವು ಅವರ ಹೊಲಕ್ಕೇ ಕಸ ಹೊಡೆಯುತ್ತಿದ್ದೆವು. ಇದು ನನಗೆ ಗೌಡರು ಬಂದ ಮೇಲೆ ಹೊಳೆದದ್ದಲ್ಲ. ಆದರೆ ಹೊಳೆದದ್ದನ್ನು ಹೇಳಲು ಒಂದು ಚೀಲದ ಆಧಾರ ಬೇಕಾಗಿತ್ತು, ಅವರು ತಂದುಕೊಟ್ಟರು.

ಗೌಡರು ಚಹಾ ಮುಗಿಸಿ ಹೋದ ತಕ್ಷಣ ನಾನು ಬಾಯಿ ಬಿಟ್ಟೆ. “ಸರ್, ಮೊದಲಿನಂಗ ಕಾಜಿನ ಕೊಳವಿ ತೊಳದು ಬಳಸೋಣ್ರಿ. ರಕ್ತ ತಗಿಯೋ ಸೂಜಿ, ಸಿರಿಂಜಿನ ಮಾತ ಬ್ಯಾರೆ, ಅವು ಒಮ್ಮಿಗೇ ಸೈ. ಉಳಿದದ್ದಕ್ಕೆಲ್ಲಾ ಕಾಜ ನಡೀತೈತಿ. ಚಾಚಿ ಅದಾರಲ್ಲ.”

ಖರೇ ಹೇಳಬೇಕೆಂದರೆ, ಹೊಲಕ್ಕಿಂತ ಮೊದಲು ನನ್ನ ಮನಸ್ಸಿನಲ್ಲಿದ್ದವರು ಚಾಚಿಯೇ.

ಚಾಚಿ ಎಂದು ನಾವೆಲ್ಲ ಕರೆಯುವ ಹಿರಿಯ ಹೆಂಗಸು ಪ್ರಯೋಗಾಲಯ ಶುರುವಾದ ದಿನದಿಂದ ಕಾಜಿನ ಸಾಮಾನು, ಅಂದರೆ ಗಾಜಿನ ಕೊಳವೆ ಬಾಟಲಿಗಳನ್ನು, ತೊಳೆಯುತ್ತಿದ್ದವರು. ಅವರ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ರೋಣ, ನರಗುಂದ, ಗಜೇಂದ್ರಗಡ, ಸಂತೆ ಇದ್ದಲ್ಲೆಲ್ಲ ತಿದಿ ಹೂಡುತ್ತಿದ್ದರಂತೆ. ಪಾತ್ರೆಯ ಕಿಲುಬು ತೆಗೆದು ಕೊಡುವುದು ಚಾಚಿಯ ಪಾಲಿನ ಕೆಲಸ. ಗಂಡ ತೀರಿದ ಮೇಲೆ ಆ ಕೈಗಳು ನಮ್ಮ ಕೊಳವೆಗಳಿಗೆ ಬಂದವು. ಆಸಿಡ್ಡಿಗೆ ಅವರು ತೇಜಾಬು ಎನ್ನುತ್ತಾರೆ. ಅದಕ್ಕೆ ಹೆದರುವುದಿಲ್ಲ, ಅದನ್ನು ಹಗುರಾಗಿ ಎಣಿಸುವುದೂ ಇಲ್ಲ. ಪ್ಲಾಸ್ಟಿಕ್ ಬಂದ ಮೇಲೆ ತೊಳೆಯುವ ಕೋಣೆಗೆ ಬೀಗ ಬಿತ್ತು. ಚಾಚಿಯನ್ನು ಗೇಟಿನಲ್ಲಿ ಒಂದು ಸ್ಟೂಲಿನ ಮೇಲೆ ಕೂಡಿಸಿ, ಒಳಗೆ ಹೋಗುವವರ ಚಪ್ಪಲಿ ಕಾಯಿರಿ ಎಂದರು. ನಮ್ಮ ಪ್ರಯೋಗಾಲಯಕ್ಕೆ ಬಂದು ಚಪ್ಪಲಿ ಕದಿಯುವಷ್ಟು ಬಡವರು ಈ ಸೀಮೆಯಲ್ಲಿ ಇಲ್ಲ. ಅದು ಚಾಚಿಗೂ ಗೊತ್ತಿತ್ತು. ಅವರು ದಿನವಿಡೀ ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು.

ಡಾಕ್ಟರು ಧಾರವಾಡದವರು, ದನಿ ಏರಿಸದ ಮನುಷ್ಯ. ಆದರೆ ಅಳತೆಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವವರಲ್ಲ. “ತೊಳೆದ ಕಾಜಿನ್ಯಾಗ ಕಬ್ಬಿಣದ ಸೋಂಕು ಉಳೀತದ. ನಾವು ಅಳೆಯೋದೇ ಕಬ್ಬಿಣ. ನಾಳೆ ಯಾರದೋ ರಕ್ತದಾಗ ಇಲ್ಲದ ಕಬ್ಬಿಣ ತೋರಿಸಿಬಿಟ್ರ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಮೇಲೆ ಅವರೇ ಒಂದು ಕರಾರು ಹಾಕಿದರು. ಮೂರು ತಿಂಗಳು ಅವಕಾಶ. ಅಷ್ಟರೊಳಗೆ ತೊಳೆದ ಕೊಳವೆಯ ಬ್ಲ್ಯಾಂಕ್ ಸತತ ಹತ್ತು ದಿನ ತಿಳಿಯಾಗಿ ಬಂದರೆ ಕಾಜು ಉಳಿಯುತ್ತದೆ, ಚಾಚಿಯೂ ಉಳಿಯುತ್ತಾರೆ. ಬಾರದಿದ್ದರೆ ಆ ಕೋಣೆ ಪ್ಲಾಸ್ಟಿಕ್ ಪೆಟ್ಟಿಗೆಗಳ ಉಗ್ರಾಣವಾಗುತ್ತದೆ, ಚಾಚಿ ರೋಣದ ಮಗಳ ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ.

ಬ್ಲ್ಯಾಂಕ್ ಎಂದರೆ ರಕ್ತ ಹಾಕದ ಕೊಳವೆ. ಬರೀ ಶುದ್ಧ ನೀರು ಮತ್ತು ನಮ್ಮ ದ್ರಾವಣ. ಅದರಲ್ಲಿ ಬಣ್ಣ ಬರಬಾರದು. ಬಂದರೆ ಕೊಳವೆಯೇ ಸುಳ್ಳು ಹೇಳುತ್ತಿದೆ ಎಂದರ್ಥ.

ಈ ಕರಾರನ್ನು ನಾನು ಗೇಟಿಗೆ ಹೋಗಿ ಚಾಚಿಗೆ ಹೇಳಿದೆ. ಮಗಳ ಮನೆಯ ಮಾತು ಬಂದಾಗ ಅವರ ಮುಖ ಸಣ್ಣದಾಯಿತು. “ಮಗಳ ಮನ್ಯಾಗ ಎರಡ ದಿನ ಬೀಗರು, ಮೂರನೇ ದಿನ ಭಾರ. ನಾ ದುಡದ ಉಣ್ಣಾಕಿ,” ಎಂದರು. ಮರುಗಳಿಗೆಯೇ ಎದ್ದು ಕೀಲಿ ಕೇಳಿದರು. ಸ್ಟೂಲು ಅಲ್ಲಿಯೇ ಗೇಟಿನಲ್ಲಿ ಉಳಿಯಿತು.

ಆ ಕೋಣೆಯ ಬೀಗ ತೆಗೆದ ದಿನ ನಮ್ಮಲ್ಲಿ ಹಬ್ಬವೇ. ಚಾಚಿ ಒಳಗಿನ ಜೇಡರ ಬಲೆ ಹೊಡೆದು, ತೊಟ್ಟಿಗಳನ್ನು ತಿಕ್ಕಿ, ಕಿಟಕಿಯ ಗಾಜು ಒರೆಸಿ, ಅಟ್ಟದ ಮೇಲಿನ ಕೊಳವೆಗಳನ್ನು ಒಂದೊಂದಾಗಿ ಇಳಿಸಿದರು. ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿ, ಅದರೊಂದಿಗೆ ಏನೋ ಮಾತಾಡುತ್ತಿದ್ದರು. ನಾನು ಗಿರ್ಮಿಟ್ ತರಿಸಿದೆ. ಡಾಕ್ಟರು ಒಂದು ಹಿಡಿ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ಹೋದರು.

ತೊಳೆಯುವ ಕ್ರಮ ಹೀಗೆ. ಬಳಸಿದ ಕೊಳವೆಗಳು ಮೊದಲು ಕ್ರಿಮಿನಾಶಕದಲ್ಲಿ ನೆನೆದು, ಆಟೋಕ್ಲೇವಿನ ಹಬೆಯಲ್ಲಿ ಬೆಂದು ಬರಬೇಕು. ಆಮೇಲೆ ಸಾಬೂನು. ಆಮೇಲೆ ರಾತ್ರಿಯಿಡೀ ತೆಳು ತೇಜಾಬಿನ ತೊಟ್ಟಿ. ಮುಂಜಾನೆ ತೆಗೆದು ಬಟ್ಟಿ ಇಳಿಸಿದ ನೀರಿನ ಮೂರು ತೊಟ್ಟಿಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ, ಬಿದಿರ ಬುಟ್ಟಿಯಲ್ಲಿ ಬೋರಲು ಒಣಗಿಸಬೇಕು. ಮೊದಲ ದಿನ ನಾನು ತೇಜಾಬಿನ ಬಾಟಲಿಗೆ ಕೈ ಹಾಕಿದೆ. ಚಾಚಿ ಅದನ್ನು ಕಸಿದುಕೊಂಡರು. “ನೀವ ಮುಟ್ಟಬ್ಯಾಡ್ರಿ ಬಾಯಾರ. ಆ ವಾಸನಿನೂ ತಗೋಬ್ಯಾಡ್ರಿ. ಹೊರಗ ನಿಂದರ್ರಿ.”

ನನಗೆ ಆಗ ನಾಲ್ಕನೆಯ ತಿಂಗಳು. ಹಿಂದಿನ ವರ್ಷ ಒಂದನ್ನು ಕಳೆದುಕೊಂಡಿದ್ದೆ. ಆದ್ದರಿಂದ ಈ ಸಲ ನಮ್ಮ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಚಾಚಿಗೆ ಗೊತ್ತಾಗಿರಬಹುದೇ ಎಂದು ಒಂದು ಕ್ಷಣ ಅನ್ನಿಸಿತು. ನನ್ನ ವಯಸ್ಸಿನವರ ಮೇಲೆ ಹಿರಿಯರು ಹೀಗೆಯೇ ಅಧಿಕಾರ ನಡೆಸುತ್ತಾರೆ ಎಂದುಕೊಂಡು ಸುಮ್ಮನಾದೆ.

ಮೊದಲ ಬ್ಲ್ಯಾಂಕ್ ಹಾಕಿದ ದಿನ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಹತ್ತು ನಿಮಿಷ ಕಾಯಬೇಕು. ಆರನೇ ನಿಮಿಷಕ್ಕೇ ಕೊಳವೆಯ ನೀರು ಕೆಣಕುವವರ ಹಾಗೆ ಮೆಲ್ಲಗೆ ಬಣ್ಣ ತಿರುಗಿಸಿತು. ತೆಳುವಾದ ನೇರಳೆ.

“ಗೌಡರ ಬದನಿ ಹೂವಿನ ಬಣ್ಣ,” ಎಂದರು ಚಾಚಿ ಮೆಚ್ಚಿಕೊಂಡು. ತೊಳೆಯುವ ಕೋಣೆಯ ಕಿಟಕಿಯಿಂದ ಹೊರಗೆ ನೋಡಿದರೆ ಬೇಲಿಯ ಗುಂಟ ಗೌಡರ ಎರಡು ಸಾಲು ಬದನೆ ಗಿಡಗಳು. “ಚಂದ ಐತಲ್ರಿ?”

“ಚಂದ ಇರಬಾರದ ಚಾಚಿ. ಈ ಖಾಲಿ ಕೊಳವ್ಯಾಗ ಬಣ್ಣ ಬರಲೇಬಾರದು. ಬಂದ್ರ ಎಲ್ಲೋ ಹೊಲಸ ಉಳದೈತಿ ಅಂತ ಅರ್ಥ.”

ಅವತ್ತಿನಿಂದ ಚಾಚಿ ಆ ಗಿಡಗಳ ಕಡೆ ಸಿಟ್ಟಿನಿಂದ ನೋಡತೊಡಗಿದರು.

ಎರಡನೆಯ ವಾರವೂ ಅದೇ ಬಣ್ಣ. ಮೂರನೆಯ ವಾರ ಇನ್ನೂ ಗಾಢ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ನರಗುಂದದ ನಮ್ಮ ತವರಿನಲ್ಲಿ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದರು. ಆದರೂ ಹಲ್ಲು ಕಚ್ಚಿಕೊಂಡು ಒಂದೊಂದಾಗಿ ಹುಡುಕಿದೆ. ಬೋರಿನ ನೀರನ್ನು ಪರೀಕ್ಷಿಸಿದೆ. ಬಟ್ಟಿ ನೀರನ್ನು ನೇರವಾಗಿ ಪರೀಕ್ಷಿಸಿದೆ, ತಿಳಿ. ಸಾಬೂನು ಬದಲಿಸಿದೆ. ಗುಡ್ಡದ ಕೆಂಪು ಧೂಳು ಬೀಳುತ್ತಿದೆಯೆಂದು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಸಿದೆ. ಬಿದಿರ ಬುಟ್ಟಿಯ ಮೇಲೂ ಗುಮಾನಿ ಬಂತು. ಬುಟ್ಟಿಯ ಒಂದು ಸಿಬಿರು ಮುರಿದು ದ್ರಾವಣಕ್ಕೆ ಹಾಕಿ ನೋಡಿದೆ. ಡಾಕ್ಟರು ಅದನ್ನು ನೋಡಿ, “ಇನ್ನ ನನ್ನ ಕನ್ನಡಕ ಒಂದು ಉಳದದ ನೋಡ್ರಿ,” ಎಂದರು.

ತಮಾಷೆಯೆಂದರೆ, ಉಳಿದ ಬದಲಾವಣೆಗಳೆಲ್ಲ ಈ ಹೊತ್ತಿನಲ್ಲಿ ಸಲೀಸಾಗಿ ನಡೆದುಹೋದವು. ಗೌಡರ ಚೀಲ ಡಾಕ್ಟರ ಮನಸ್ಸನ್ನು ತಟ್ಟಿತ್ತು. ಅವರು ಅಲ್ಲಿ ಇಲ್ಲಿ ಓದಿ ತಿಳಿದುಕೊಂಡು, ಮೈನಸ್ ಎಂಬತ್ತರಲ್ಲಿ ಓಡುತ್ತಿದ್ದ ದೊಡ್ಡ ಶೀತಪೆಟ್ಟಿಗೆಯನ್ನು ಮೈನಸ್ ಎಪ್ಪತ್ತಕ್ಕೆ ತಂದರು. ನಮ್ಮ ಮಾದರಿಗಳಿಗೆ ಅಷ್ಟು ಥಂಡಿ ಸಾಕಂತೆ. ಹಗಲೆಲ್ಲ ನರಳುತ್ತಿದ್ದ ಪೆಟ್ಟಿಗೆ ಈಗ ಆಗಾಗ ಉಸಿರು ಬಿಡುವಂತಾಯಿತು. ಅದರೊಳಗೆ ಯಾರದೆಂದು ಯಾರಿಗೂ ತಿಳಿಯದ ಹಳೆಯ ಡಬ್ಬಿಗಳು ಗಟ್ಟಿ ಮಂಜಿನಲ್ಲಿ ಹೂತುಹೋಗಿದ್ದವು. ಎಂದಾದರೂ ಬೇಕಾದೀತು ಎಂದು ಅಟ್ಟದ ಮೇಲೆ ಮುರುಕು ಕೊಡೆ ಇಡುವವರು ನಮ್ಮ ಮನೆಗಳಲ್ಲಿ ಮಾತ್ರ ಇದ್ದಾರೆ ಎಂದುಕೊಂಡಿದ್ದೆ. ವಿಜ್ಞಾನಿಗಳೂ ಅದೇ ಜಾತಿ.

ಇನ್ನೊಂದು, ಬಟ್ಟಿ ಯಂತ್ರದ ನೀರು. ಹಬೆಯನ್ನು ತಣಿಸಲು ಅದರ ಹೊರಮೈಗೆ ನಲ್ಲಿಯ ನೀರು ಸದಾ ಹರಿಯುತ್ತಿರಬೇಕು. ನಾಲ್ಕಾರು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ನಾವು ಆ ಶುದ್ಧ ಬೆಚ್ಚನೆಯ ನೀರನ್ನು ಗಟಾರಿಗೆ ಬಿಡುತ್ತಿದ್ದೆವು. ಇದನ್ನು ಇಷ್ಟು ವರ್ಷ ನೋಡಿಯೂ ನೋಡದಂತೆ ಹೇಗಿದ್ದೆವೋ. ಒಂದು ಪೈಪು ಎಳೆದು ಅರ್ಧವನ್ನು ತೊಟ್ಟಿಗೆ ತುಂಬಿಸಿಕೊಂಡೆವು, ಅರ್ಧವನ್ನು ಬೇಲಿಯಾಚೆ ಗೌಡರ ಬದನೆಗೆ ಬಿಟ್ಟೆವು. ಹದಿನೈದು ದಿನದಲ್ಲಿ ಬಾಡಿದ ಗಿಡಗಳು ಮೈದುಂಬಿ ನೇರಳೆ ಹೂವು ಸುರಿಯತೊಡಗಿದವು. ಗೌಡರು ಬೇಲಿಯ ಮೇಲಿಂದ ಕೈಮುಗಿದು, “ಈಗ ನೋಡ್ರಿ, ದವಾಖಾನಿ ಅಂದ್ರ ಇದು,” ಎಂದರು.

ಚಾಚಿ ಮಾತ್ರ ಕಿಟಕಿಯ ಬಾಗಿಲು ಮುಚ್ಚಿಬಿಟ್ಟರು.

ಎರಡು ತಿಂಗಳು ಮುಗಿದ ದಿನ ನನ್ನ ತಾಳ್ಮೆ ಹರಿಯಿತು. ಅಂದಿನ ಬ್ಲ್ಯಾಂಕ್ ಎಂದಿಗಿಂತ ಕಪ್ಪಾಗಿತ್ತು. ನಾನು ಕೊಳವೆಯನ್ನು ಚಾಚಿಯ ಮುಂದೆ ಹಿಡಿದು ಒದರಿದೆ. “ನೀರ ಚಲೋ ಐತಿ, ಸಾಬೂನ ಚಲೋ ಐತಿ, ಕಾಜ ಚಲೋ ಐತಿ. ಇನ್ನ ಉಳದದ್ದ ನಿಮ್ಮ ಕೈ ಒಂದ, ಚಾಚಿ!”

ಚಾಚಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ತೇಜಾಬು, ಸಾಬೂನು, ಕಲಾಯಿ ಎಲ್ಲವನ್ನೂ ಕಂಡ ಕೈಗಳು. ಆಡಿದ ಮಾತನ್ನು ನುಂಗಿಕೊಳ್ಳಲು ಬಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಂದು ಮಧ್ಯಾಹ್ನ ಅವರು ದಿನದಂತೆ ನನ್ನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಹಾಕದೆ ಒಬ್ಬರೇ ಕೂತು ರೊಟ್ಟಿ ತಿಂದರು.

ಅದೇ ವಾರ ನರಗುಂದದಲ್ಲಿ ಅವರ ತಂಗಿಯ ಮಗಳ ಶಾದಿ. ಎರಡು ದಿನ ರಜೆ ಹಾಕಿ ಹೋದರು. ಹೋಗುವ ಮುಂಚೆ ತೊಟ್ಟಿಗಳನ್ನು ತೊಳೆದು, ತೇಜಾಬು ಹದ ಮಾಡಿ, ಕೊಳವೆ ನೆನೆಹಾಕಿಟ್ಟಿದ್ದರು. ನಾನು ಮುಖಕ್ಕೆ ಬಟ್ಟೆ, ಕೈಗೆ ಮೊಣಕೈವರೆಗಿನ ರಬ್ಬರು ಗವಸು ಹಾಕಿಕೊಂಡು ಉಳಿದದ್ದನ್ನು ತೊಳೆದೆ. ಅವರಷ್ಟು ಚೆಂದ ನನಗೆ ಬರುವುದಿಲ್ಲ, ಎರಡು ಕೊಳವೆ ಒಡೆದೆ. ಬ್ಲ್ಯಾಂಕ್ ಹಾಕಿದೆ. ಹತ್ತು ನಿಮಿಷ ಕಾದೆ. ಇಪ್ಪತ್ತು ನಿಮಿಷ ಕಾದೆ.

ನೀರಿನಂತೆ ತಿಳಿ.

ಎರಡನೆಯ ದಿನವೂ ತಿಳಿ. ಕುಣಿದಾಡಬೇಕಿತ್ತು, ಕಾಲು ಬರಲಿಲ್ಲ. ಕಾಜು ಗೆದ್ದಿತ್ತು, ಚಾಚಿ ಸೋತಿದ್ದರು. ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಆಡಿದ್ದ ಮಾತನ್ನು ನಾನೇ ಈಗ ಸಾಬೀತು ಮಾಡಿ ಕೂತಿದ್ದೆ. ಡಾಕ್ಟರು ಅಂಕಿಗಳನ್ನು ನೋಡಿ, “ಕಾಜ ಇರಲಿ. ತೊಳಿಯಾಕ ಬ್ಯಾರೆ ಯಾರನ್ನಾರ ನೋಡೋಣ. ಚಾಚಿಗೂ ವಯಸ್ಸಾತು,” ಎಂದರು. ನಾನು ಒಂದು ವಾರ ಕೊಡಿರಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಶಾದಿಯಿಂದ ಬಂದ ಚಾಚಿ ಸಿಟ್ಟು ಮರೆತು ಒಂದು ಡಬ್ಬಿ ಸಿಹಿ ತಂದಿದ್ದರು. ಮರುದಿನ ಮುಂಜಾನೆ ನಾನು ತೊಳೆಯುವ ಕೋಣೆಯಲ್ಲಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಚಾಚಿ ತೇಜಾಬಿನಿಂದ ಕೊಳವೆ ತೆಗೆದರು, ಮೊದಲ ತೊಟ್ಟಿಗೆ ಅದ್ದಿದರು, ಕುಲುಕಿದರು, ಎರಡನೆಯದಕ್ಕೆ ಅದ್ದಿದರು. ಹೆಸರಿಡಲು ಒಂದು ಚೂರು ಜಾಗವಿಲ್ಲ. ಆ ಕೈಗಳು ಕೆಲಸ ಮಾಡುವುದನ್ನು ನೋಡುತ್ತ ನನಗೆ ನನ್ನ ಮೇಲೇ ಅಸಹ್ಯವಾಯಿತು. ಮೂರನೆಯ ತೊಟ್ಟಿಯಲ್ಲಿ ಒಂದು ಕೊಳವೆ ಜಾರಿ ತಳಕ್ಕೆ ಹೋಯಿತು. ನಾನು ಎದ್ದು, ಕೈಗವಸು ಹಾಕಿಕೊಂಡು, ಅದನ್ನು ಎತ್ತಲು ಕೈ ಅದ್ದಿದೆ.

“ಬಿಡ್ರಿ, ನಾ ತಗೀತೀನಿ!” ಎಂದು ಚಾಚಿ ಓಡಿ ಬಂದರು. ಅಷ್ಟರಲ್ಲಿ ನನ್ನ ಬೆರಳಿಗೆ ತೊಟ್ಟಿಯ ಮೂಲೆಯಲ್ಲಿ ಸಣ್ಣದೊಂದು ಗಂಟು ತಾಗಿತ್ತು. ಮೇಲೆ ತೆಗೆದೆ. ಬಿಳಿ ಬಟ್ಟೆಯ ಗಂಟು. ಬಟ್ಟೆಯ ಒಂದು ಮಗ್ಗುಲು ತುಕ್ಕಿನಿಂದ ಕೆಂಪಾಗಿತ್ತು. ಬಿಚ್ಚಿದರೆ ಒಳಗೆ ಬೆರಳುದ್ದದ ಕಬ್ಬಿಣದ ಮೊಳೆ.

“ಇದೇನ ಚಾಚಿ?”

“ಮೊಳಿ.”

“ಮೊಳಿ ಅಂತ ನನಗೂ ಕಾಣತೈತಿ. ಇಲ್ಲಿ ಯಾಕ ಐತಿ?”

ಚಾಚಿ ನೆಲ ನೋಡಿದರು. “ನಜರ್ ಆಗಬಾರದಂತ.”

“ಯಾರಿಗೆ ದೃಷ್ಟಿ ತಾಗತೈತಿ? ಕೊಳವಿಗೆ?”

“ಕೊಳವಿಗೆ ಯಾಕ ನಜರ್ ಆಗತೈತ್ರಿ?” ಎಂದು ತಲೆಯೆತ್ತಿದರು. “ನಿಮಗ. ದಿನಾ ಬಸುರ್ಯಾರ ರಕ್ತ ಮುಟ್ಟತೀರಿ. ಅದರಾಗ ಕೂಸ ಕಳಕೊಂಡಾರೂ ಇರ್ತಾರ. ಅವರ ಸಂಕಟ ಎಲ್ಲಿ ಹೋಗತೈತಿ? ಈ ಕೊಳವ್ಯಾಗ ಉಳೀತೈತಿ, ಅದನ್ನ ನೀವ ಮತ್ತ ಕೈಯಾಗ ಹಿಡೀತೀರಿ. ಹ್ವಾದ ಸಲ ನಾ ಗೇಟಿನ್ಯಾಗ ಕುಂತಿದ್ದೆ, ನನ್ನ ಕೈಲೆ ಏನೂ ಆಗಲಿಲ್ಲ. ಈ ಸಲ ತೊಳಿಯೂ ಕೋಲಿ ಕೀಲಿ ನನ್ನ ಕೈಯಾಗ ಐತಿ. ಬಾಣಂತಿ ತಲಿದಿಂಬಿನ ಬುಡಕ ಕಬ್ಬಣ ಇಡೂದಿಲ್ಲೇನ್ರಿ? ಹಂಗ.”

ನಾನು ಮೊಳೆ ಹಿಡಿದುಕೊಂಡೇ ಕುರ್ಚಿಗೆ ಹೋಗಿ ಕೂತೆ. ಚಾಚಿ ಅದನ್ನು ಸಿಟ್ಟು ಎಂದು ತಿಳಿದು ಗಡಿಬಿಡಿಯಲ್ಲಿ ಉಳಿದದ್ದನ್ನೂ ಒಪ್ಪಿಸಿದರು. ತೇಜಾಬಿನ ತೊಟ್ಟಿಯಲ್ಲಿ ಹಾಕಿದರೆ ಮೊಳೆಯನ್ನು ಅದು ತಿನ್ನುತ್ತದೆ ಎಂದು ಗೊತ್ತಿದ್ದೇ ಕೊನೆಯ ತೊಟ್ಟಿಯಲ್ಲಿ ಇಟ್ಟಿದ್ದರಂತೆ. “ಆದ್ರೂ ಮೊದಲಿನ ಮೊಳಿ ಸೊರಗಿ ಸೂಜಿಯಂಗ ಆತ್ರಿ. ಎಷ್ಟ ಜಬರ್ದಸ್ತ್ ನಜರ್ ಇರಬೇಕ ಅಂತ ನನಗ ಹೆದರಿಕಿ ಆತು. ಅದಕ್ಕ ದೊಡ್ಡದ ಹಾಕಿದೆ. ಇದು ಮೂರನೇದು. ಶಾದಿಗೆ ಹೋಗುವಾಗ ನಿಮಗ ಸಿಕ್ಕರ ಬೈತೀರಿ ಅಂತ ತಗದ ಇಟ್ಟಿದ್ದೆ, ನಿನ್ನಿ ಮತ್ತ ಹಾಕಿದೆ.”

ಕೊಳವೆಗಳ ಮೈಗೆ ಅಂಟಿ ಬಂದ ತೇಜಾಬಿನ ಪಸೆ ಕೊನೆಯ ತೊಟ್ಟಿಯವರೆಗೂ ಬಂದು ಮೊಳೆಯನ್ನು ಮೆಲ್ಲಗೆ ಕರಗಿಸುತ್ತಿತ್ತು. ಬ್ಲ್ಯಾಂಕ್ ಕಪ್ಪಾದಷ್ಟೂ ನಾನು ಚಾಚಿಯ ಮೇಲೆ ಹಾರಾಡುತ್ತಿದ್ದೆ. ಮೊಳೆ ಸೊರಗಿದಷ್ಟೂ ಚಾಚಿ ನನಗಾಗಿ ಹೆದರಿ ಇನ್ನೂ ದೊಡ್ಡ ಮೊಳೆ ಹುಡುಕುತ್ತಿದ್ದರು.

“ಚಾಚಿ,” ಎಂದೆ, “ನಾವ ಇಲ್ಲಿ ರಕ್ತದಾಗ ಏನ ಹುಡುಕತೀವಿ, ಗೊತ್ತೈತೇನ್ರಿ?”

“ಬ್ಯಾನಿ.”

“ಕಬ್ಬಣ.”

ಚಾಚಿ ಮೊಳೆಯನ್ನು ನೋಡಿದರು. ತೊಟ್ಟಿಯನ್ನು ನೋಡಿದರು. ಆಮೇಲೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಯಾವುದನ್ನು ಮೊದಲು ಮುಗಿಸಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಆ ಹೆಂಗಸಿನ ಕೈಯಲ್ಲಿ ನಮ್ಮ ಕೊಳವೆಗಳನ್ನೆಲ್ಲ ಕೊಟ್ಟು, ನಾವು ಹುಡುಕುತ್ತಿರುವುದು ಏನೆಂಬ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹೊಲಸು ಉಳಿದಿದೆ ಎಂದು ಮಾತ್ರ ಹೇಳಿದ್ದೆ. ತಪ್ಪು ಕೈ ಯಾರದು ಎಂದು ಆಗ ತಿಳಿಯಿತು. ಕೈಗವಸು ತೆಗೆದು ಚಾಚಿಯ ಎರಡೂ ಅಂಗೈ ಹಿಡಿದುಕೊಂಡು, “ತಪ್ಪಾತ್ರಿ ಚಾಚಿ,” ಎಂದೆ.

“ಮೊಳಿ ಒಗೀಬ್ಯಾಡ್ರಿ ಮತ್ತ,” ಎಂದರು ಅವರು ಕಣ್ಣೊರೆಸಿಕೊಂಡು. ಅಷ್ಟಾದರೂ ಆ ಒಂದು ವಿಷಯದಲ್ಲಿ ರಾಜಿಯಿಲ್ಲ. ಕೊನೆಗೆ ಮೊಳೆ ಪ್ರಯೋಗಾಲಯದ ಹೊರಗೆ, ನನ್ನ ಊಟದ ಚೀಲದ ತಳದಲ್ಲಿ ಇರಬೇಕೆಂದು ಒಪ್ಪಂದವಾಯಿತು. ಸಂಜೆ ಚೀಲ ಮನೆಗೆ ಬಂದರೆ ಮೊಳೆಯೂ ಬರುತ್ತಿತ್ತು. ನಜರಿನ ಮೇಲೆ ನನಗೆ ನಂಬಿಕೆಯಿಲ್ಲ. ಆದರೂ ಒಂದು ದಿನವೂ ಅದನ್ನು ಚೀಲದಿಂದ ತೆಗೆದಿಡಲಿಲ್ಲ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅರ್ಧ ಹೇಳಿ ಅರ್ಧ ಮುಚ್ಚಿಡುವ ಯೋಚನೆಯಿತ್ತು. ಆದರೆ ಮೊಳೆ ಯಾಕೆ ಬಂತು ಎನ್ನಲು ಹೊಟ್ಟೆಯೊಳಗಿನ ಸುದ್ದಿಯನ್ನೂ ಹೇಳಲೇಬೇಕಾಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾಕ ತಿಂಗಳದಾಗ ತೇಜಾಬಿನ ಕೋಲ್ಯಾಗ ಕೈ ಹಾಕಾಕ ನಿಮಗ ಯಾರ ಹೇಳಿದ್ರು?” ಎಂದು ಮೊದಲ ಸಲ ದನಿ ಏರಿಸಿದರು. ಅದು ಅವರ ಅಂದಾಜು; ಐದು ಮುಗಿದಿದೆ ಎಂದು ತಿದ್ದಲು ಧೈರ್ಯವಾಗಲಿಲ್ಲ. ಆಮೇಲೆ ತೊಳೆಯುವ ಕೋಣೆಗೆ ತಾವೇ ಹೋದರು. ಕಬ್ಬಿಣ, ರಕ್ತ, ಗುಳಿಗೆ, ಬಣ್ಣ, ಬ್ಲ್ಯಾಂಕ್, ಎಲ್ಲವನ್ನೂ ಚಾಚಿಯ ಎದುರು ಸ್ಟೂಲಿನಷ್ಟೆತ್ತರದ ಡಬ್ಬಿಯ ಮೇಲೆ ಕೂತು ಒಂದು ತಾಸು ವಿವರಿಸಿದರು. ಚಾಚಿ ಕೇಳಿದ ಪ್ರಶ್ನೆ ಒಂದೇ. “ಹಂಗಾದ್ರ ನಾ ಮೊಳಿ ನೀರಾಗ ಹಾಕೂ ಬದಲಿ, ಅರದು ಬಾಯಾರಿಗೆ ಕುಡಸಬೇಕಾಗಿತ್ತೇನ್ರಿ?” ಡಾಕ್ಟರು ಬಿದ್ದು ಬಿದ್ದು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತೊಟ್ಟಿಗಳನ್ನೆಲ್ಲ ತಿಕ್ಕಿ, ಹೊಸ ನೀರು ತುಂಬಿ, ಹತ್ತು ದಿನದ ಎಣಿಕೆ ಹೊಸದಾಗಿ ಶುರು ಮಾಡಿದೆವು. ಮೊದಲ ದಿನ ತಿಳಿ. ಮೂರನೆಯ ದಿನ ತಿಳಿ. ಚಾಚಿ ಕಿಟಕಿಯ ಬಾಗಿಲನ್ನು ಮಾತ್ರ ಇನ್ನೂ ತೆರೆದಿರಲಿಲ್ಲ. ಏಳು, ಎಂಟು, ಒಂಬತ್ತು. ಒಂಬತ್ತನೆಯ ದಿನ ಸಂಜೆ ಡಾಕ್ಟರು, “ನಾಳೆ ನಿಮ್ಮ ರಕ್ತನೂ ಕೊಡ್ರಿ. ಊರ ಬಸುರ್ಯಾರದೆಲ್ಲಾ ಅಳೀತೀರಿ, ನಿಮ್ಮದು ಯಾರ ನೋಡಬೇಕು?” ಎಂದರು.

ಹತ್ತನೆಯ ದಿನ ಅಳತೆಗೆ ಅವರೇ ಕೂತರು. ನನ್ನನ್ನು ಮುಟ್ಟಗೊಡಲಿಲ್ಲ. ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ಚಾಚಿ ತೊಳೆದ ಎರಡು ಕೊಳವೆ. ಬಲಗಡೆ ಖಾಲಿಯದು, ಎಡಗಡೆ ನನ್ನದು. ಚಾಚಿ ಒಳಗೆ ಬರಲು ಒಪ್ಪದೆ ಹೊರಗೆ ದುವಾ ಮಾಡುತ್ತ ನಿಂತಿದ್ದರು. ಹತ್ತು ನಿಮಿಷ ಆದ ಮೇಲೆ ಕರೆದೆ. ಬಂದವರು ಮೊದಲು ನೋಡಿದ್ದು ಎಡಗಡೆಯ ಕೊಳವೆಯನ್ನು. ಅಲ್ಲಿಯೇ ಗೋಡೆ ಹಿಡಿದುಕೊಂಡರು.

“ಹ್ವಾತ್ರಿ,” ಎಂದರು. “ಮತ್ತ ಬಂತು ಬದನಿ ಹೂವು.”

“ಅದು ಖಾಲಿದಲ್ಲ ಚಾಚಿ. ಖಾಲಿದು ಇಲ್ಲೈತಿ ನೋಡ್ರಿ.”

ಬಲಗಡೆಯ ಕೊಳವೆಯನ್ನು ಅವರ ಕೈಗೆ ಕೊಟ್ಟೆ. ಅದರ ಮೂಲಕ ಗೋಡೆಯ ಕ್ಯಾಲೆಂಡರಿನ ಅಕ್ಷರ ಓದಬಹುದಾಗಿತ್ತು. ಚಾಚಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

“ಹಂಗಾದ್ರ ಆ ಕಡೀದು?”

“ನಂದು. ನನ್ನ ರಕ್ತದ್ದು. ಅದರಾಗ ಬಣ್ಣ ಬರಬೇಕು.”

ಚಾಚಿ ಬಲಗಡೆಯದನ್ನು ಸ್ಟ್ಯಾಂಡಿಗೆ ಇಟ್ಟು, ಎಡಗಡೆಯದನ್ನು ಎರಡೂ ಕೈಯಿಂದ ಎತ್ತಿಕೊಂಡರು. ತಿಂಗಳುಗಟ್ಟಲೆ ಅವರು ಹೆದರಿದ ಬಣ್ಣ ಅದು. ಕೊಳವೆಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, ಆಮೇಲೆ ಡಾಕ್ಟರ ಕಡೆ ತಿರುಗಿದರು.

“ಇಷ್ಟ ಇಬ್ಬರಿಗೂ ಸಾಕಾಗತೈತೇನ್ರಿ?”

ಡಾಕ್ಟರು ಯಂತ್ರದ ಅಂಕಿಯನ್ನು ಇನ್ನೊಮ್ಮೆ ಓದಿದರು. “ಸಾಕಾಗತದ ಚಾಚಿ,” ಎಂದರು.

ಚಾಚಿ ಕೊಳವೆಯನ್ನು ಜೋಪಾನವಾಗಿ ಇಟ್ಟು ಹೊರಗೆ ಹೋದರು. ಗೇಟಿನಲ್ಲಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು ತೊಳೆಯುವ ಕೋಣೆಯೊಳಗೆ ಹಾಕಿ, ಅದರ ಮೇಲೆ ಹತ್ತಿ ನಿಂತು, ಕಿಟಕಿಯ ಬಾಗಿಲು ತೆರೆದರು.